‘ನೋಡು, ಹೆಂಗ ನಿಂತಾರ!’

ಶಿಂಜುಕು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಅಪ್ಪ ಮೊದಲ ಸಲ ಆ ಮಾತು ಅಂದದ್ದು. “ನೋಡು, ಹೆಂಗ ನಿಂತಾರ! ಯಾರರ ನುಗ್ಗತಾರೇನು?” ಹತ್ತು ದಿನದ ಪ್ರವಾಸದಲ್ಲಿ ಅದು ಬೇರೆ ಬೇರೆ ರೂಪ ತಾಳಿ ಎಷ್ಟು ಸಲ ಬಂತು ಎಂದು ಮಗಳು ಫೋನಿನಲ್ಲಿ ಲೆಕ್ಕ ಇಟ್ಟಿದ್ದಳು. ಆರನೆಯ ದಿನಕ್ಕೆ 41 ಆಗಿತ್ತು. ಆಮೇಲೆ ಬೇಸರವಾಗಿ ಬಿಟ್ಟುಬಿಟ್ಟಳು.

ಧಾರವಾಡ ಕಡೆಯ ಮನೆತನ, ಇಪ್ಪತ್ತು ವರ್ಷದಿಂದ ಪುಣೆಯಲ್ಲಿ ವಾಸ. ಅಪ್ಪ, ಅಮ್ಮ, ಅಜ್ಜಿ, ಜೂನ್‌ನಲ್ಲಿ ಹನ್ನೆರಡನೆಯ ಕ್ಲಾಸಿಗೆ ಕಾಲಿಡಲಿರುವ ಹದಿನೇಳರ ಮಗಳು. ಇಂಥ ಮನೆಗಳು ಈಗ ಜಪಾನಿಗೆ ಹೊರಟಿರುವುದು ಹೊಸದೇನಲ್ಲ. ಯೆನ್ ಬೆಲೆ ಕುಸಿದು, ವೀಸಾ ಸುಲಭವಾಗಿ, 2024ರಲ್ಲಿ ಭಾರತದಿಂದ ಸುಮಾರು 2.3 ಲಕ್ಷ ಜನ ಅಲ್ಲಿಗೆ ಹೋಗಿಬಂದರು. ಸಿಂಗಪುರ, ಸ್ವಿಟ್ಜರ್ಲೆಂಡ್ ನೋಡಿಯಾದ ಮಧ್ಯಮವರ್ಗಕ್ಕೆ ಜಪಾನು ಮುಂದಿನ ಮೆಟ್ಟಿಲು. ಆದರೆ ಒಂದು ವ್ಯತ್ಯಾಸವಿದೆ. ಸ್ವಿಟ್ಜರ್ಲೆಂಡಿಗೆ ಹೋದವರು ಹಿಮ ನೋಡಿ ಬರುತ್ತಾರೆ. ಜಪಾನಿಗೆ ಹೋದವರು ಜಪಾನೀಯರನ್ನು ನೋಡಿ ಬರುತ್ತಾರೆ, ನೋಡಿ ನಮ್ಮನ್ನು ನಾವೇ ಬೈದುಕೊಳ್ಳುತ್ತಾರೆ. ಮಕ್ಕಳು ಜೊತೆಗಿದ್ದರೆ ಬೈಗುಳಕ್ಕೆ ಹತ್ತಿರದ ಗುರಿಯೊಂದು ಸಿಕ್ಕಂತಾಯಿತು. ಸ್ವಚ್ಛವಾದ ಬೀದಿ, ಸಾಲು ತಪ್ಪದ ಜನ, ಸೆಕೆಂಡು ತಪ್ಪದ ರೈಲು, ಎಲ್ಲದರ ಕೊನೆಗೂ ಒಂದೇ ಪಲ್ಲವಿ: ನೋಡಿ ಕಲಿ.

ಈ ಪಲ್ಲವಿ ಅನ್ಯಾಯದ್ದು. ಮಕ್ಕಳಿಗೆ ಬೇಸರವಾಗುತ್ತದೆ ಎನ್ನುವುದು ಅದಕ್ಕಿರುವ ಸಣ್ಣ ಕಾರಣ. ಅದು ಜಪಾನನ್ನೇ ತಪ್ಪಾಗಿ ಓದುತ್ತದೆ ಎನ್ನುವುದು ದೊಡ್ಡ ಕಾರಣ.

“ಅವರ ರಕ್ತದಾಗ ಬಂದದ ಶಿಸ್ತು” ಎಂದು ಅಪ್ಪ ಅಂದಾಗ ಮಗಳು ನೆಲ ನೋಡುತ್ತಿದ್ದಳು. ಪ್ಲಾಟ್‌ಫಾರ್ಮಿನ ನೆಲದ ಮೇಲೆ ಬಣ್ಣದ ಗೆರೆಗಳಿದ್ದವು. ರೈಲಿನ ಬಾಗಿಲು ಎಲ್ಲಿ ಬರುತ್ತದೆ, ಈ ಗಾಡಿಗೆ ಕಾಯುವವರು ಎಲ್ಲಿ ನಿಲ್ಲಬೇಕು, ಮುಂದಿನ ಗಾಡಿಯವರು ಎಲ್ಲಿ ನಿಲ್ಲಬೇಕು, ಎಲ್ಲ ಅಲ್ಲಿ ಬರೆದಿತ್ತು. ರೈಲು ಬಂದು ಬಾಗಿಲು ಆ ಗೆರೆಯ ಎದುರಿಗೇ ತೆರೆಯಿತು. ಬಾಗಿಲು ಎಲ್ಲಿ ಬರುತ್ತದೆಂಬುದು ಗೊತ್ತಿದ್ದರೆ, ಇದು ತಪ್ಪಿದರೆ ಇನ್ನು ಮೂರು ನಿಮಿಷಕ್ಕೆ ಮತ್ತೊಂದಿದೆ ಎಂಬ ನಂಬಿಕೆಯಿದ್ದರೆ, ನುಗ್ಗುವುದಕ್ಕೆ ಕಾರಣವೇ ಉಳಿಯುವುದಿಲ್ಲ. ಪುಣೆ ಸ್ಟೇಷನ್ನಿನಲ್ಲಿ ಜನರಲ್ ಡಬ್ಬಿ ಮುಂದೆ ಬರುತ್ತದೋ ಹಿಂದೆ ಬರುತ್ತದೋ ಎಂದು ಮೂಟೆ ಹೊತ್ತು ಓಡುವವನ ರಕ್ತ ಕೆಟ್ಟದ್ದಲ್ಲ. ಅವನಿಗೆ ಯಾರೂ ಗೆರೆ ಎಳೆದು ಕೊಟ್ಟಿಲ್ಲ, ಎಳೆದರೂ ಅವನ ಡಬ್ಬಿಯಲ್ಲಿ ಜಾಗವಿಲ್ಲ.

ಬೀದಿಯ ಸ್ವಚ್ಛತೆಯದೂ ಇದೇ ಕತೆ. ಟೋಕಿಯೊದಲ್ಲಿ ಕಸದ ಡಬ್ಬಿ ಹುಡುಕಿದರೂ ಸಿಗುವುದಿಲ್ಲ ಎಂದು ಪ್ರವಾಸಿಗರು ಬೆರಗಾಗುತ್ತಾರೆ. ಅಜ್ಜಿ ಬಾಳೆಹಣ್ಣಿನ ಸಿಪ್ಪೆಯನ್ನು ಕೈಚೀಲದಲ್ಲಿಟ್ಟುಕೊಂಡು ಅರ್ಧ ದಿನ ಊರು ಸುತ್ತಿದರು. ಡಬ್ಬಿಗಳು ಹೀಗೆ ಕಾಣೆಯಾದದ್ದಕ್ಕೆ ದೊಡ್ಡ ಕಾರಣ 1995ರ ಮಾರ್ಚ್ 20. ಅಂದು ಓಮ್ ಶಿನ್ರಿಕ್ಯೊ ಎಂಬ ಪಂಥದವರು ಟೋಕಿಯೊ ಸುರಂಗ ರೈಲಿನಲ್ಲಿ ಸಾರಿನ್ ವಿಷಾನಿಲ ಬಿಟ್ಟು ಜನರನ್ನು ಕೊಂದರು. ಡಬ್ಬಿಯಲ್ಲಿ ಯಾರು ಏನು ಇಟ್ಟುಹೋಗುತ್ತಾರೋ ಎಂಬ ಭಯದಿಂದ ಅವನ್ನು ತೆಗೆಸಿದರು. ಕಸವನ್ನು ಮನೆಗೇ ಒಯ್ಯುವ ಅಭ್ಯಾಸ ಅದರಿಂದ ಇನ್ನಷ್ಟು ಗಟ್ಟಿಯಾಯಿತು.

ಇನ್ನೂ ಹಿಂದಕ್ಕೆ ಹೋದರೆ ‘ರಕ್ತ’ದ ವಾದ ಪೂರ್ತಿ ಬಿದ್ದುಹೋಗುತ್ತದೆ. 1964ರ ಒಲಿಂಪಿಕ್ಸಿಗೆ ಮುಂಚಿನ ಟೋಕಿಯೊ ಸ್ವಚ್ಛ ಊರೇನಲ್ಲ. ಸುಮಿದಾ ನದಿ ನಾರುತ್ತಿತ್ತು. ಕ್ರೀಡಾಕೂಟಕ್ಕೆ ವಿದೇಶಿಯರು ಬರುತ್ತಾರೆಂದು ನಗರದಲ್ಲಿ ಸ್ವಚ್ಛತೆಯ ಚಳವಳಿಯನ್ನೇ ನಡೆಸಬೇಕಾಯಿತು. 1965ರಲ್ಲಿ ಯುಮೆನೊಶಿಮಾ ಎಂಬ ಕಸದ ದಿಬ್ಬದಿಂದ ನೊಣಗಳ ಹಿಂಡು ಎದ್ದು ಹತ್ತಿರದ ಕೊತೊ ವಾರ್ಡಿನ ಮೇಲೆ ಕವಿಯಿತು. (ಯುಮೆನೊಶಿಮಾ ಎಂದರೆ ಕನಸಿನ ದ್ವೀಪ. ಹೆಸರಿಡುವುದರಲ್ಲಿ ನಗರಪಾಲಿಕೆಗಳು ಎಲ್ಲ ಕಡೆ ಒಂದೇ.) ಊರಿನವರ ಕಸವೆಲ್ಲ ನಮ್ಮ ಅಂಗಳಕ್ಕೇ ಯಾಕೆ ಎಂದು ಕೊತೊದ ಜನ ಕೇಳತೊಡಗಿದರು. ಸ್ಥಿತಿವಂತರ ಸುಗಿನಾಮಿ ವಾರ್ಡಿನವರು ತಮ್ಮಲ್ಲಿ ಕಸ ಸುಡುವ ಘಟಕ ಬೇಡವೆಂದಾಗ, ಕೊತೊದವರು ಸುಗಿನಾಮಿಯ ಕಸದ ಲಾರಿಗಳನ್ನೇ ತಡೆದರು. 1971ರಲ್ಲಿ ಟೋಕಿಯೊ ಗವರ್ನರ್ ಮಿನೊಬೆ ರ್‍ಯೋಕಿಚಿ ‘ಕಸದ ಯುದ್ಧ’ ಎಂದೇ ಘೋಷಿಸಿದರು. ಈ ಕತೆಯನ್ನು ಪುಣೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಉರುಳಿ ದೇವಾಚಿ ಅಲ್ಲೇ ಇದೆ. ಬೆಂಗಳೂರಿನವರಿಗೆ ಮಂಡೂರು ಗೊತ್ತು. ಟೋಕಿಯೊ ಇಂದು ಹೊಳೆಯುತ್ತಿದ್ದರೆ ಅದರ ಹಿಂದೆ ಲಾರಿ ತಡೆದ ಜನರಿದ್ದಾರೆ. ಮಗಳಿಗೆ ಶಿಸ್ತಿನ ಪಾಠ ಹೇಳುವ ಅಪ್ಪಂದಿರು ಈ ಭಾಗವನ್ನು ಹೇಳುವುದಿಲ್ಲ, ಏಕೆಂದರೆ ಲಾರಿ ತಡೆಯುವ ಮಗಳು ಅವರಿಗೆ ಬೇಕಾಗಿಲ್ಲ.

ಜಪಾನನ್ನು ನೋಡಿ ಕಲಿಯಬೇಕೆಂಬ ಹಂಬಲ ನಮ್ಮಲ್ಲಿ ಹಳೆಯದು. ವಿಶ್ವೇಶ್ವರಯ್ಯನವರು 1898ರಲ್ಲೇ ಅಲ್ಲಿಗೆ ಹೋಗಿದ್ದರು. ಅವರ ಕುತೂಹಲವಿದ್ದದ್ದು ಅಲ್ಲಿನ ಶಿಕ್ಷಣದ ಮೇಲೆ, ಕೈಗಾರಿಕೆಯ ಮೇಲೆ. ಹೇಗೆ ಮಾಡಿದರು ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆ ನೂರಿಪ್ಪತ್ತೈದು ವರ್ಷದಲ್ಲಿ ಸವೆದು ಸವೆದು ‘ಅವರು ಎಷ್ಟು ಒಳ್ಳೆಯವರು, ನಾವು ಎಷ್ಟು ಕೆಟ್ಟವರು’ ಎಂಬ ವಾಟ್ಸಾಪ್ ಸಂದೇಶವಾಗಿ ಉಳಿದಿದೆ.

ಹದಿನೇಳರ ಹುಡುಗಿಯ ಕಣ್ಣಿಗೆ ದೊಡ್ಡವರ ಕಣ್ಣಿಗೆ ಬೀಳದ ಇನ್ನೊಂದು ಗೆರೆ ಬಿತ್ತು. ಪ್ಲಾಟ್‌ಫಾರ್ಮಿನ ಒಂದು ಕಡೆ ಗುಲಾಬಿ ಬಣ್ಣದ ಪಟ್ಟಿಯಿತ್ತು, ಬೆಳಗಿನ ದಟ್ಟಣೆಯ ಹೊತ್ತಿನಲ್ಲಿ ಹೆಂಗಸರಿಗೆ ಮಾತ್ರ ಮೀಸಲಾದ ಡಬ್ಬಿ. “ಇಲ್ಲೆ ಹೆಣ್ಣಮಕ್ಕಳು ರಾತ್ರಿ ಹನ್ನೆರಡಕ್ಕೂ ಒಬ್ಬರ ಓಡಾಡತಾರ” ಎಂದು ಅಮ್ಮ ಮೆಚ್ಚಿಕೊಂಡದ್ದು ಸುಳ್ಳಲ್ಲ. ಆದರೆ ಹಗಲಿನ ತುಂಬಿದ ರೈಲಿನಲ್ಲಿ ಕೈಹಾಕುವವರಿಗೆ ಜಪಾನಿಯಲ್ಲಿ ‘ಚಿಕಾನ್’ ಎಂಬ ಪ್ರತ್ಯೇಕ ಪದವಿದೆ, ಅದು ಅಪರಾಧವೆಂದು ಸ್ಟೇಷನ್ನುಗಳಲ್ಲಿ ಪೋಸ್ಟರ್‌ಗಳಿವೆ. ಒಂದು ಕೆಡುಕಿಗೆ ಎಲ್ಲರಿಗೂ ಗೊತ್ತಿರುವ ಒಂದೇ ಪದವಿದ್ದರೆ, ಆ ಕೆಡುಕು ಅಪರೂಪದ್ದಲ್ಲ ಎಂದು ಭಾಷೆ ಕಲಿಯುವ ಯಾರಿಗಾದರೂ ಹೊಳೆಯುತ್ತದೆ. ಅಲ್ಲಿ ಮಾರುವ ಫೋನುಗಳಲ್ಲಿ ಕ್ಯಾಮೆರಾದ ಸದ್ದು ಆರಿಸಲು ಬರುವುದಿಲ್ಲ, ಕದ್ದು ಫೋಟೊ ತೆಗೆಯುವವರ ಕಾಟಕ್ಕೆ ಮಾಡಿಕೊಂಡ ಏರ್ಪಾಡು ಅದು. ಮುಂಬಯಿ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಓಡಾಡಿದವರಿಗೆ ಈ ಗುಲಾಬಿ ಪಟ್ಟಿ ಅಪರಿಚಿತವಲ್ಲ.

ಊಟದ ಪಾಡು ಹೇಳಿ ಪ್ರಯೋಜನವಿಲ್ಲ. ಮೀನಿನ ರಸವಿಲ್ಲದ ಸಾರು ಆ ದೇಶದಲ್ಲಿ ಕಡಿಮೆ. ಅವಲಕ್ಕಿ, ಚಟ್ನಿಪುಡಿ, ಮೊಸರು ನಾಲ್ಕು ದಿನ ಕಾಪಾಡಿದವು.

ಅನಿಮೆ ನೋಡುತ್ತ ನೋಡುತ್ತ ಮಗಳು ಹಿರಾಗಾನ ಲಿಪಿ ಕಲಿತಿದ್ದಳು, ಅರೆಬರೆ ಮಾತನ್ನೂ. ಮನೆಯಲ್ಲಿ ಅದು ‘ಟೈಮ್ ವೇಸ್ಟ್’ ಪಟ್ಟಿಯಲ್ಲಿದ್ದ ಕಲಿಕೆ. ಕ್ಯೋಟೊ ರೈಲಿನಲ್ಲಿ ಅಜ್ಜಿ ಪಕ್ಕದಲ್ಲಿ ಕೂತು ಏನು ಬರೆದಿದೆ ಓದು ಎಂದರು. ಅವಳು ಅಕ್ಷರಗಳನ್ನು ಹೇಳಿಕೊಟ್ಟಳು. ಮೊದಲು ಅ, ಇ, ಉ, ಎ, ಒ. ಆಮೇಲೆ ಸಾಲಾಗಿ ಕ, ಸ, ತ, ನ, ಹ, ಮ, ಯ, ರ, ವ. ಅಜ್ಜಿ ನಿಂತರು. “ಇದು ನಮ್ಮ ಕಾಗುಣಿತ ಅಲ್ಲೇನ?”

ಹೌದು, ಬಹಳ ಮಟ್ಟಿಗೆ. ಭಾರತದಿಂದ ಚೀನಾದ ಮೂಲಕ ಬೌದ್ಧ ಭಿಕ್ಷುಗಳು ಒಯ್ದ ಸಿದ್ಧಂ ಲಿಪಿಯ ಅಭ್ಯಾಸದಿಂದ ಈ ಕ್ರಮ ಬಂತು. ಸ್ವರ ಮೊದಲು, ಆಮೇಲೆ ಗಂಟಲಿನಿಂದ ತುಟಿಯ ಕಡೆಗೆ ವ್ಯಂಜನಗಳು. ‘ಹ’ ಇರುವ ಕಡೆ ನಮ್ಮಲ್ಲಿ ‘ಪ’ ಇದೆಯಲ್ಲ ಎಂದರೆ, ಜಪಾನಿಯ ಆ ಹಕಾರ ಹಿಂದೆ ಪಕಾರವೇ ಆಗಿತ್ತು. ಕನ್ನಡದಲ್ಲಿ ‘ಪಾಲು’ ‘ಹಾಲು’ ಆದ ಹಾಗೆ.

ಮಾತಿನ ಕಟ್ಟಣೆ ಇನ್ನೂ ಹತ್ತಿರ. ‘ತೋಕ್ಯೊ ಕರಾ ಕ್ಯೋತೊ ಮಾದೆ’ ಎಂದರೆ ಟೋಕಿಯೊದಿಂದ ಕ್ಯೋಟೊವರೆಗೆ. ಇಂಗ್ಲಿಷಿನಲ್ಲಿ ಯೋಚಿಸಿದರೆ ತಲೆಕೆಳಗಾಗುವ ವಾಕ್ಯ ಕನ್ನಡದಲ್ಲಿ ಹಾಗೇ ಕೂರುತ್ತದೆ. ಅಜ್ಜಿಗಂತೂ ಅನುವಾದವೇ ಬೇಕಾಗಲಿಲ್ಲ: “ಕ್ಯೋಟೊ ಮಟಾ! ಅಂದರ ಇವರೂ ನಮ್ಮ ಕಡೆಯವರ ಅನ್ನು!” ಧಾರವಾಡದ ‘ಮಟಾ’ಕ್ಕೂ ಜಪಾನಿನ ‘ಮಾದೆ’ಗೂ ಇರುವ ಹೋಲಿಕೆ ಬರೀ ಕಾಕತಾಳೀಯ. ಒನೊ ಸುಸುಮು ಎಂಬ ಹೆಸರಾಂತ ವಿದ್ವಾಂಸರು ತಮಿಳಿಗೂ ಜಪಾನಿಗೂ ನಂಟು ಸಾಧಿಸಲು ವರ್ಷಗಟ್ಟಲೆ ದುಡಿದರು, ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಆದರೆ ಕಟ್ಟಣೆಯ ಸಾಮ್ಯಕ್ಕೆ ರಕ್ತಸಂಬಂಧ ಬೇಕಿಲ್ಲ. ಕ್ಯೋಟೊದ ನಿಶಿಕಿ ಮಾರುಕಟ್ಟೆಯ ಉಪ್ಪಿನಕಾಯಿ ಅಂಗಡಿಯಾಕೆ ‘ತಾಬೆತೆ ಮಿತೆ ಕುದಾಸಾಯ್’ ಎಂದು ತಟ್ಟೆ ಚಾಚಿದರೆ ಅದರ ಅರ್ಥ ‘ತಿಂದು ನೋಡಿ’. ತಿನ್ನುವುದಕ್ಕೆ ನೋಡುವುದನ್ನು ಹೀಗೆ ಅಂಟಿಸುವುದು ಇಂಗ್ಲಿಷಿಗೆ ಗೊತ್ತಿಲ್ಲ. ಮನೆಯಿಂದ ಹೊರಡುವ ಜಪಾನಿ ಮಗು ‘ಇತ್ತೆ ಕಿಮಾಸು’ ಅನ್ನುತ್ತದೆ, ಹೋಗಿ ಬರ್ತೀನಿ. ಒಳಗಿನವರು ‘ಇತ್ತೆ ರಾಶ್ಶಾಯ್’ ಅನ್ನುತ್ತಾರೆ, ಹೋಗಿ ಬಾ.

ಪುಣೆಯ ಶಾಲೆಯಲ್ಲಿ ಆ ಹುಡುಗಿಗೆ ಕನ್ನಡದಿಂದ ಯಾವ ಲಾಭವೂ ಆಗಿರಲಿಲ್ಲ. ಮರಾಠಿ ಬೇಕು, ಹಿಂದಿ ಬೇಕು, ಇಂಗ್ಲಿಷ್ ಬೇಕೇ ಬೇಕು, ಕನ್ನಡ ಅಜ್ಜಿಗೆ ಮಾತ್ರ. ಊರುಬಿಟ್ಟ ಕನ್ನಡ ಮನೆಗಳಲ್ಲಿ ಈ ಲೆಕ್ಕ ಎಲ್ಲರಿಗೂ ಪರಿಚಿತ. ಅದೇ ಅಡುಗೆಮನೆಯ ಕನ್ನಡ ಕ್ಯೋಟೊದಲ್ಲಿ ಕೈಗೆ ಬಂದದ್ದನ್ನು ‘ನೋಡು’ ಎಂದು ಯಾರೂ ತೋರಿಸಲಿಲ್ಲ. ತೋರಿಸುವುದಕ್ಕೆ ದೊಡ್ಡವರಿಗೆ ಅದು ಕಂಡಿರಲೇ ಇಲ್ಲ.

ರೈಲಿನ ಸಮಯಪಾಲನೆ ಅಪ್ಪನ ಅಚ್ಚುಮೆಚ್ಚಿನ ಅಧ್ಯಾಯ. 2017ರ ನವೆಂಬರಿನಲ್ಲಿ ತ್ಸುಕುಬಾ ಎಕ್ಸ್‌ಪ್ರೆಸ್ಸಿನ ಗಾಡಿಯೊಂದು 20 ಸೆಕೆಂಡು ಮುಂಚೆ ಹೊರಟದ್ದಕ್ಕೆ ಕಂಪನಿ ಕ್ಷಮೆ ಕೇಳಿದ ಸುದ್ದಿಯನ್ನು ಅವರು ಆಗಲೇ ಮನೆಯ ಗ್ರೂಪಿಗೆಲ್ಲ ಕಳಿಸಿದ್ದರು. ಒಸಾಕಾದಲ್ಲಿ ಒಂದು ದಿನ ರೈಲು ನಿಜಕ್ಕೂ ತಡವಾಯಿತು. ಗೇಟಿನ ಹತ್ತಿರ ಸಿಬ್ಬಂದಿ ಚಿಕ್ಕ ಚೀಟಿಗಳನ್ನು ಕೊಡುತ್ತಿದ್ದರು, ಗಾಡಿ ಇಷ್ಟು ನಿಮಿಷ ತಡವಾಯಿತು ಎಂಬ ಪ್ರಮಾಣಪತ್ರ. “ಪ್ರಾಮಾಣಿಕತನ ಅಂದರ ಇದು” ಎಂದು ಅಪ್ಪ ಒಂದು ಚೀಟಿ ತಂದು ಮಗಳ ಕೈಗಿಟ್ಟರು. ಅವಳು ಕೇಳಿದ್ದು ಇಷ್ಟೇ: “ಇದನ್ನ ಯಾರಿಗೆ ತೋರಿಸಬೇಕು?” ಆಫೀಸಿನಲ್ಲಿ, ಶಾಲೆಯಲ್ಲಿ. “ತೋರಿಸದಿದ್ದರ?”

ಮರುದಿನ ಹಿಮೇಜಿ ಕೋಟೆಗೆ ಹೊರಟ ಗಾಡಿ ಅಮಾಗಾಸಾಕಿಯಲ್ಲಿ ನಿಂತಿತು. ಆ ಹೆಸರನ್ನು ಅವಳು ಹಿಂದಿನ ರಾತ್ರಿ ಫೋನಿನಲ್ಲಿ ಓದಿದ್ದಳು. 2005ರ ಏಪ್ರಿಲ್ 25ರಂದು, ಅಲ್ಲಿಂದ ಕವಲೊಡೆಯುವ ಫುಕುಚಿಯಾಮಾ ಮಾರ್ಗದಲ್ಲಿ, 70 ಕಿಲೋಮೀಟರ್ ಮಿತಿಯಿದ್ದ ತಿರುವಿಗೆ ರೈಲೊಂದು ಸುಮಾರು 116ರ ವೇಗದಲ್ಲಿ ನುಗ್ಗಿ, ಹಳಿ ತಪ್ಪಿ, ಪಕ್ಕದ ವಸತಿ ಕಟ್ಟಡಕ್ಕೆ ಬಡಿಯಿತು. 106 ಪ್ರಯಾಣಿಕರೂ ಚಾಲಕನೂ ಸತ್ತರು. ಹಿಂದಿನ ಸ್ಟೇಷನ್ನಿನಲ್ಲಿ ಚಾಲಕ ಗಾಡಿಯನ್ನು ನಿಲ್ಲಿಸಬೇಕಾದ ಜಾಗ ದಾಟಿಸಿ ಮುಂದಕ್ಕೆ ಒಯ್ದಿದ್ದ, ಹಿಂದಕ್ಕೆ ತರುವಷ್ಟರಲ್ಲಿ ಒಂದೂವರೆ ನಿಮಿಷದಷ್ಟು ತಡವಾಗಿತ್ತು. ಅವನ ವಯಸ್ಸು 23.

ಆ ಕಂಪನಿಯಲ್ಲಿ ತಪ್ಪು ಮಾಡಿದ ಚಾಲಕರನ್ನು ‘ನಿಕ್ಕಿನ್ ಕ್ಯೊಯಿಕು’ ಎಂಬ ಮರುತರಬೇತಿಗೆ ಹಾಕುತ್ತಿದ್ದರು. ಹೆಸರು ತರಬೇತಿ, ನಡೆಯುತ್ತಿದ್ದದ್ದು ಬಹುಪಾಲು ಶಿಕ್ಷೆ: ದಿನವಿಡೀ ತಪ್ಪೊಪ್ಪಿಗೆ ಬರೆಯುವುದು, ಮೇಲಿನವರಿಂದ ಬೈಸಿಕೊಳ್ಳುವುದು, ಕಳೆ ಕೀಳುವುದು. ಈ ಚಾಲಕ ಹಿಂದೆ ಒಮ್ಮೆ 13 ದಿನ ಅದನ್ನು ಅನುಭವಿಸಿದ್ದ. ಇನ್ನೊಮ್ಮೆ ಅದಕ್ಕೆ ಸಿಗುವ ಭಯ ಅವನ ಗಮನವನ್ನು ಕೆಡಿಸಿರಬಹುದೆಂದು 2007ರ ಸರಕಾರಿ ತನಿಖಾ ವರದಿ ಹೇಳಿತು. ವೇಗ ಮೀರಿದರೆ ಗಾಡಿಯನ್ನು ತಾನಾಗಿ ತಡೆಯುವ ಸಾಧನ ಆ ತಿರುವಿನಲ್ಲಿ ಇರಲಿಲ್ಲ.

ಜಪಾನಿನ ರೈಲಿನಲ್ಲಿ ಮೆಚ್ಚಬೇಕಾದದ್ದು ಮತ್ತು ಅಂಜಬೇಕಾದದ್ದು ಎರಡೂ ಇಲ್ಲಿ ಬೇರೆಬೇರೆಯಾಗಿ ಕಾಣುತ್ತವೆ. ಶಿಂಕಾನ್ಸೆನ್ 1964ರ ಅಕ್ಟೋಬರ್ 1ರಿಂದ ಓಡುತ್ತಿದೆ, ಢಿಕ್ಕಿಯಿಂದಾಗಲಿ ಹಳಿ ತಪ್ಪಿ ಆಗಲಿ ಇಂದಿನವರೆಗೆ ಒಬ್ಬ ಪ್ರಯಾಣಿಕನೂ ಸತ್ತಿಲ್ಲ. ಅದಕ್ಕೆ ಕಾರಣ ಚಾಲಕರ ಚಾರಿತ್ರ್ಯವಲ್ಲ. ಚಾಲಕ ತಪ್ಪುತ್ತಾನೆ ಎಂದು ಮೊದಲೇ ಅಂದಾಜು ಮಾಡಿ, ಅವನು ತಪ್ಪಿದರೂ ಗಾಡಿ ನಿಲ್ಲುವ ಹಾಗೆ ಕಟ್ಟಿದ ವ್ಯವಸ್ಥೆ ಅದು. ಬಿಳಿ ಕೈಗವಸಿನ ಚಾಲಕರು ಸಿಗ್ನಲ್ಲಿನ ಕಡೆ ಬೆರಳು ತೋರಿಸಿ ಗಟ್ಟಿಯಾಗಿ ಹೇಳಿಕೊಳ್ಳುವುದನ್ನು ಪ್ರವಾಸಿಗರು ವಿಡಿಯೊ ಮಾಡಿಕೊಳ್ಳುತ್ತಾರೆ. ಆ ಪದ್ಧತಿಯ ಹಿಂದಿರುವುದೂ ಇದೇ ತಿಳಿವಳಿಕೆ. ಮನಸ್ಸು ಜಾರುತ್ತದೆ, ಆದ್ದರಿಂದ ಕಣ್ಣು, ಕೈ, ಬಾಯಿ ಮೂರನ್ನೂ ಒಟ್ಟಿಗೆ ಕೆಲಸಕ್ಕೆ ಹಚ್ಚು. ಅಮಾಗಾಸಾಕಿಯಲ್ಲಿ ಆದದ್ದು ಇದರ ತಿರುವುಮುರುವು. ಅಲ್ಲಿ ತಪ್ಪನ್ನು ಮನುಷ್ಯನ ದೋಷವೆಂದು ಎಣಿಸಿ, ಸಾಧನ ಹಾಕುವ ಕಡೆ ನಾಚಿಕೆ ಹಾಕಿದ್ದರು.

‘ನೋಡಿ ಕಲಿ’ ಎನ್ನುವ ಅಪ್ಪ ತನಗೆ ಗೊತ್ತಿಲ್ಲದೆ ಜಪಾನಿನಿಂದ ಆರಿಸಿ ತರುತ್ತಿರುವುದು ಈ ಎರಡನೆಯದನ್ನು. ಕೋಚಿಂಗ್ ಕ್ಲಾಸಿನ ಗೋಡೆಗೆ ಪ್ರತಿ ವಾರ ರ್‍ಯಾಂಕ್ ಪಟ್ಟಿ ಅಂಟಿಸುವ ನಮಗೆ ಅದನ್ನು ಹೊರಗಿನಿಂದ ತರುವ ಅಗತ್ಯವೇ ಇಲ್ಲ. 2022ರಲ್ಲಿ ಭಾರತದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,000ಕ್ಕೂ ಹೆಚ್ಚು ಎಂದು ಅಪರಾಧ ದಾಖಲೆ ಬ್ಯೂರೊ ಲೆಕ್ಕ ಕೊಟ್ಟಿದೆ. ತರಗತಿಯನ್ನು ತಾವೇ ಗುಡಿಸುವ, ಮೆಚ್ಚುಗೆಯ ವಿಡಿಯೊಗಳಲ್ಲಿ ಬರುವ ಆ ಜಪಾನಿ ಮಕ್ಕಳಲ್ಲೂ, 2023ರ ಶಾಲಾ ವರ್ಷದಲ್ಲಿ ಪ್ರಾಥಮಿಕ ಮತ್ತು ಮಾಧ್ಯಮಿಕ ಹಂತ ಸೇರಿ 3.4 ಲಕ್ಷಕ್ಕಿಂತ ಹೆಚ್ಚು ಮಂದಿ ಶಾಲೆಗೆ ಹೋಗಲೊಲ್ಲದೆ ಮನೆಯಲ್ಲುಳಿದವರು. ಅದಕ್ಕೂ ಅಲ್ಲಿ ಒಂದು ಪದವಿದೆ, ‘ಫುತೊಕೊ’.

ಹಾಗೆಂದು ಜಪಾನಿನ ಹುಳುಕು ಹುಡುಕಲು ಮಕ್ಕಳನ್ನು ಕರೆದೊಯ್ಯಬೇಕೆಂದಲ್ಲ. ಅದು ಇನ್ನೊಂದು ಚಟ. ‘ಕಂಡಿರಾ, ಅವರೂ ನಮ್ಮ ಹಾಗೇ’ ಎಂದು ನೆಮ್ಮದಿಪಡುವವರೂ ದೇಶ ನೋಡಿದವರಲ್ಲ. ಟೋಕಿಯೊ ಸ್ಟೇಷನ್ನಿನಲ್ಲಿ ಏಳು ನಿಮಿಷದೊಳಗೆ ಶಿಂಕಾನ್ಸೆನ್ ಡಬ್ಬಿಯನ್ನು ಗುಡಿಸಿ ಒರೆಸಿ ಬಗ್ಗಿ ನಮಸ್ಕರಿಸುವ ಹೆಂಗಸರನ್ನು ಮೆಚ್ಚಿಕೊಳ್ಳಬೇಕು. ಅವರಿಗೆ ಸಮವಸ್ತ್ರವಿದೆ, ಒಳ್ಳೆಯ ಉಪಕರಣವಿದೆ, ಜನ ಇಳಿಯುವವರೆಗೆ ಕಾಯಲು ಜಾಗವಿದೆ ಎಂಬುದನ್ನೂ ಮೆಚ್ಚುಗೆಯೊಳಗೆ ಸೇರಿಸಿಕೊಳ್ಳಬೇಕು. ನಮ್ಮಲ್ಲಿ ಹಳಿಯ ಮೇಲಿನ ಮಲ ಗುಡಿಸಿದವರು ಯಾರು, ಅವರ ಜಾತಿ ಯಾವುದು, ಅವರಿಗೆ ಕೈಗವಸು ಕೊಟ್ಟಿದ್ದರೇ ಎಂಬ ಪ್ರಶ್ನೆ ಆಗ ತಾನಾಗಿ ಎದ್ದು ಬರುತ್ತದೆ. ಶಿಸ್ತಿನ ಉಪದೇಶದಲ್ಲಿ ಈ ಪ್ರಶ್ನೆಗೆ ಎಡೆಯೇ ಇಲ್ಲ. ಅಲ್ಲಿ ದೋಷ ಯಾವಾಗಲೂ ‘ನಮ್ಮ ಮಂದಿ’ಯದು, ಆ ಮಂದಿಯಲ್ಲಿ ಹೇಳುವವರು ಮಾತ್ರ ಇರುವುದಿಲ್ಲ.

ಹಿಮೇಜಿಯಿಂದ ಮರಳುವಾಗ ಮಗಳು ಅಮಾಗಾಸಾಕಿಯ ಸಂಗತಿಯನ್ನು ಅಪ್ಪನಿಗೆ ಹೇಳಿದಳು. ವಾದ ಮಾಡಲಿಲ್ಲ, ಓದಿದ್ದನ್ನು ಓದಿದ ಹಾಗೆ ಹೇಳಿದಳು. ಇಪ್ಪತ್ತಮೂರೇ ವರ್ಷ ಎಂದಾಗ ಅಜ್ಜಿ “ಪಾಪ, ಯಾರ ಮಗನೋ” ಎಂದರು. ಅಪ್ಪ ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡುತ್ತ ಕೂತರು. ಕಟ್ಟಡದ ಉಳಿದ ಭಾಗವನ್ನು ಈಗ ಸ್ಮಾರಕವಾಗಿ ಕಾಪಾಡಿದ್ದಾರೆ, ಅದು ಈ ಮಾರ್ಗದಿಂದ ಕಾಣುವುದಿಲ್ಲ ಎಂದು ಅವಳು ಹೇಳಿದ ಮೇಲೂ ನೋಡುತ್ತಿದ್ದರು.

ಒಸಾಕಾದಲ್ಲಿ ಇಳಿದಾಗ ದಟ್ಟಣೆಯ ಹೊತ್ತು. ಜನ ಸಾಲಾಗಿ ನಿಂತಿದ್ದರು. ಅಪ್ಪ ಬಾಯಿ ತೆರೆದು, ಸುಮ್ಮನಾಗಿ, ಆಮೇಲೆ ತಲೆಯ ಮೇಲಿನ ಫಲಕ ತೋರಿಸಿ ಕೇಳಿದರು: “ಅಲ್ಲೆ ಏನು ಬರದದ? ಓದಿ ಹೇಳು.”

“ಹತ್ತು ನಿಮಿಷ ಲೇಟ್ ಅಂತ” ಎಂದಳು.